ನೀರು ಹಾಕದೇ ಬರುವ ತೂಕದಕ್ಕ

ಬೆಳಗಿನ ಆರು ಗಂಟೆ. ಆರನೇ ಮಹಡಿಯ ಮನೆಯೊಂದರ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಬಂದ ಐವತ್ತೈದರ ಹೆಂಗಸು ಸೀದಾ ಕಿಟಕಿಯ ಬಳಿ ಹೋಗುತ್ತಾರೆ. ಅಲ್ಲಿದ್ದ ಆರ್ಕಿಡ್ ಕುಂಡವನ್ನು ಎರಡೂ ಕೈಯಲ್ಲಿ ಎತ್ತುತ್ತಾರೆ, ಕಣ್ಣು ಮುಚ್ಚುತ್ತಾರೆ, ತಲೆಯಾಡಿಸಿ ಇದ್ದಲ್ಲೇ ಇಡುತ್ತಾರೆ. ಕೆಲಸ ಮುಗಿಯಿತು. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಮನೆಯ ಯಜಮಾನರು ಇಣುಕುತ್ತಾರೆ.

"ಇಷ್ಟೇನಾ?"

"ಇಷ್ಟೇ ಸಾರ್. ಇನ್ನೂ ಭಾರ ಇದೆ. ಗುರುವಾರ ನೋಡೋಣ."

ಇವರನ್ನು ಕಟ್ಟಡದವರೆಲ್ಲ ತೂಕದಕ್ಕ ಎಂದೇ ಕರೆಯುತ್ತಾರೆ. ಮನೆಯೊಳಗಿನ ಆರ್ಕಿಡ್‌ಗಳಿಗೆ ನೀರು ಹಾಕುವುದು ಇವರ ಉದ್ಯೋಗ, ಹಾಕದಿರುವುದು ಇವರ ವಿದ್ಯೆ. ಆರು ಮಹಡಿ, ಇಪ್ಪತ್ತಮೂರು ಮನೆ, ನಲವತ್ತೊಂದು ಕುಂಡ. ಇವತ್ತು ನೀರು ಕಂಡಿದ್ದು ಬರೀ ಆರು. ಲಿಫ್ಟ್ ತನಗೆ ಮನಸ್ಸು ಬಂದಾಗ ಮಾತ್ರ ಮೇಲೇರುತ್ತದೆ, ಹಾಗಾಗಿ ಮೊಣಕಾಲಿಗೆ ಬಿಡುವಿಲ್ಲ. "ನೀರು ಹಾಕದೇ ಬರೋಕೆ ಆರು ಮಹಡಿ ಹತ್ತಬೇಕಾ?" ಎಂದು ದರ್ಜಿ ಕೆಲಸದ ಗಂಡ ದಿನವೂ ರೇಗಿಸುತ್ತಾರಂತೆ.

ಆ ಕೈ ಇಪ್ಪತ್ತೆರಡು ವರ್ಷ ಹಳೇ ಪೇಪರ್ ಅಂಗಡಿಯಲ್ಲಿ ತಕ್ಕಡಿ ಹಿಡಿದದ್ದು. ಕಟ್ಟು ಎತ್ತಿದರೆ ಸಾಕು, ಎಷ್ಟು ಕಿಲೋ ಎಂದು ಹೇಳುತ್ತಿತ್ತು. ಕರೆಂಟಿನ ತಕ್ಕಡಿ ಬಂದಾಗ ಅಕ್ಕ ಹೊರಗೆ ಬಿದ್ದರು. ಅದೇ ವಾರ ಪೇಪರ್ ಕಟ್ಟಿನ ಜೊತೆ ಯಾರೋ ಎಸೆದಿದ್ದ ಆರ್ಕಿಡ್ ಒಂದು ಮನೆಗೆ ಬಂತು. ಮೂರು ಹೊತ್ತೂ ನೀರುಣಿಸಿ ಅದನ್ನು ಹದಿನೈದೇ ದಿನದಲ್ಲಿ ಕೊಂದರು. ಅತಿಯಾದರೆ ಅಮೃತವೂ ವಿಷ ಎಂಬುದು ಅವರಿಗೆ ತಿಳಿದದ್ದು ಹಾಗೆ. ಆಮೇಲೆ ಪೇಪರ್ ತೂಗಿದ ಕೈಯೇ ಕುಂಡ ತೂಗಲು ಶುರುಮಾಡಿತು.

"ಇದು ಮಣ್ಣಿನ ಗಿಡ ಅಲ್ಲ, ಮರದ ಮೇಲೆ ಕೂತು ಬದುಕೋ ಜಾತಿ" ಎನ್ನುತ್ತಾರೆ. "ಬೇರಿಗೂ ಗಾಳಿ ಬೇಕು. ಬೇರು ಬೆಳ್ಳಗಾದ್ರೆ ಬಾಯಾರಿದೆ, ಹಸಿರಿದ್ರೆ ನಿಮ್ ಪಾಡಿಗೆ ನೀವಿರಿ. ಬೇಸಿಗೇಲಿ ಐದು ದಿನಕ್ಕೊಮ್ಮೆ, ಚಳೀಲಿ ಹತ್ತು, ಮಿಕ್ಕಂತೆ ವಾರ. ಆದ್ರೆ ಗಿಡಕ್ಕೆ ಕ್ಯಾಲೆಂಡರ್ ಓದೋಕೆ ಬರಲ್ವಲ್ಲ! ಎತ್ತೇ ನೋಡ್ಬೇಕು, ಹಗುರಾಗಿದ್ರೆ ಮಾತ್ರ ನೀರು."

ಇಷ್ಟು ಗಟ್ಟಿಗಿತ್ತಿಯ ನಿದ್ದೆ ಕೆಡಿಸಿದ್ದು ಮೂರನೇ ಮಹಡಿಯ ನಿವೃತ್ತ ಮೇಷ್ಟ್ರ ಮನೆ. ಅಲ್ಲಿರುವ ಆರ್ಕಿಡ್ ತೀರಿಕೊಂಡ ಹೆಂಡತಿ ತಂದಿಟ್ಟದ್ದು. ಎದ್ದ ಕೂಡಲೇ ಮೇಷ್ಟ್ರು ಒಂದು ಲೋಟ ಹಾಕುತ್ತಿದ್ದರು. ಮಾವ ಮರೆತಾರೆಂದು ಸೊಸೆ ಇನ್ನೊಂದು, ಇಬ್ಬರೂ ಮರೆತಾರೆಂದು ಮಗ ಮತ್ತೊಂದು. ಕಳೆದ ವರ್ಷ ಅಕ್ಕ ಕುಂಡ ಎತ್ತಿದರೆ ಒದ್ದೆ ಬಟ್ಟೆಯ ಬಕೆಟ್ಟಿನಷ್ಟು ಭಾರ. ಬೇರು ಅರ್ಧ ಕೊಳೆತಿತ್ತು. ಹಾಕಬೇಡಿ ಎಂದರೆ ಮೂವರೂ "ಸರಿ ಸರಿ" ಎಂದರು, ಮೂವರೂ ಕದ್ದು ಹಾಕಿದರು.

"ಆ ಗಿಡ ಹೋದ್ರೆ ಮೇಷ್ಟ್ರು ಇನ್ನೊಂದ್ಸಲ ಒಂಟಿಯಾಗ್ತಾರೆ ಅಂತ ನಂಗೆ ಹೆದ್ರಿಕೆ" ಎನ್ನುವಾಗ ಅಕ್ಕನ ನಗು ನಿಲ್ಲುತ್ತದೆ.

ಕೊನೆಗೆ ಅಕ್ಕ ಕಳ್ಳತನಕ್ಕೇ ಇಳಿದರು. ಒಂದು ಪ್ಲಾಸ್ಟಿಕ್ ಆರ್ಕಿಡ್ ತಂದು, ಹೂ ಕಿತ್ತು, ಬರೀ ಎಲೆ ಉಳಿಸಿ ಕಿಟಕಿಯಲ್ಲಿಟ್ಟರು. ನಿಜವಾದದ್ದು ಚೀಲದಲ್ಲಿ ಕೂತು ಅಕ್ಕನ ಮನೆಗೆ ಹೋಯಿತು. ಅಲ್ಲಿ ಕೊಳೆತ ಬೇರು ಕತ್ತರಿಸಿಕೊಂಡು, ಹೊಸ ಮರದ ತೊಗಟೆಯ ಚೂರುಗಳಲ್ಲಿ, ದರ್ಜಿಯ ಹೊಲಿಗೆ ಯಂತ್ರದ ಪಕ್ಕ ಎಂಟು ತಿಂಗಳು ಸುಧಾರಿಸಿಕೊಂಡಿತು. ಇತ್ತ ಮೂವರೂ ಪ್ಲಾಸ್ಟಿಕ್ಕಿಗೆ ಶ್ರದ್ಧೆಯಿಂದ ನೀರುಣಿಸಿದರು. ಅಕ್ಕ ಅದನ್ನು ದಿನವೂ ಬಚ್ಚಲಿಗೆ ಬಸಿದರು. "ಈಗ ನೋಡಿ, ಎಲೆ ಎಷ್ಟು ಲಕ್ಷಣವಾಗಿದೆ!" ಎಂದು ಸೊಸೆ ಹೊಗಳಿದಾಗ ಅಕ್ಕ ಸೆರಗು ಬಾಯಿಗೆ ತುರುಕಿಕೊಂಡರಂತೆ.

ಕಳೆದ ತಿಂಗಳು ನಿಜವಾದ ಗಿಡ ಮೊಗ್ಗಿನ ಕಡ್ಡಿ ಬಿಟ್ಟಿತು. ಬೆಳಿಗ್ಗೆ ಬೇಗನೇ ಹೋಗಿ ಕುಂಡ ಬದಲಿಸುತ್ತಿದ್ದಾಗ ಮೇಷ್ಟ್ರು ಲೋಟ ಹಿಡಿದು ಹಿಂದೆಯೇ ನಿಂತಿದ್ದರು. ಅಕ್ಕನ ಒಂದೊಂದು ಕೈಯಲ್ಲಿ ಒಂದೊಂದು ಗಿಡ.

"ಗಾಬರಿಯಾಗ್ಬೇಡಮ್ಮ" ಎಂದರು ಮೇಷ್ಟ್ರು. "ಮೊದಲನೇ ವಾರಾನೇ ಗೊತ್ತಾಯ್ತು. ಎಲೆ ಒರೆಸಿದ್ರೆ ಅಡಿಯಲ್ಲಿ ಬೆಲೆ ಚೀಟಿ ಅಂಟಿತ್ತು."

ಇಪ್ಪತ್ತೆರಡು ವರ್ಷ ತೂಗಿ ಬೆಲೆ ಕಟ್ಟಿದವರು ಬೆಲೆ ಚೀಟಿ ಕೀಳುವುದನ್ನೇ ಮರೆತಿದ್ದರು!

"ಮತ್ತೆ ನೀರು ಯಾಕೆ ಹಾಕ್ತಿದ್ರಿ ಮೇಷ್ಟ್ರೇ?"

"ಮಗ, ಸೊಸೆ ಪಾಪ, ನಿಜಾ ಅಂತ ನಂಬಿದಾರಲ್ಲ. ಬೇಜಾರು ಮಾಡ್ಕೋತಾರೆ ಅಂತ. ಅದೂ ಅಲ್ದೆ…" ಮೇಷ್ಟ್ರು ಲೋಟ ನೋಡಿದರು. "ಬೆಳಿಗ್ಗೆ ಅವಳ ಗಿಡಕ್ಕೆ ಒಂದು ಲೋಟ ಹಾಕದಿದ್ರೆ ನಂಗೆ ದಿನಾನೇ ಶುರುವಾಗಲ್ಲ."

ಆಮೇಲೆ ಅಕ್ಕ ಸೊಸೆಯನ್ನು ಮೆಲ್ಲಗೆ ವಿಚಾರಿಸಿದರೆ, ಅವಳಿಗೂ ಗೊತ್ತಿತ್ತು. ಗಂಡನಿಗೂ. ಮಾವನವರಿಗೆ ನೋವಾದೀತೆಂದು ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಈಗ ಆ ಕಿಟಕಿಯಲ್ಲಿ ಎರಡು ಕುಂಡಗಳಿವೆ. ಪ್ಲಾಸ್ಟಿಕ್ಕಿಗೆ ದಿನಕ್ಕೆ ಮೂರು ಲೋಟ. ನಿಜವಾದದ್ದಕ್ಕೆ ನೀರಿನ ಲೆಕ್ಕ ಹೇಳುವುದನ್ನು ಅಕ್ಕ ಬಿಟ್ಟಿದ್ದಾರೆ, ಎತ್ತಿ ನೋಡುವುದನ್ನು ಮೇಷ್ಟ್ರಿಗೇ ಕಲಿಸಿದ್ದಾರೆ. ಇವತ್ತು ಅವರು ಕುಂಡವನ್ನು ಎದೆಮಟ್ಟಕ್ಕೆ ಎತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಅಕ್ಕ ಉಸಿರು ಬಿಗಿಹಿಡಿದು ಕಾಯುತ್ತಾರೆ.

"ಇನ್ನೂ ಎರಡು ದಿನ ಬೇಡಮ್ಮ."

ಅಕ್ಕ ಕುಂಡ ಈಸಿಕೊಂಡು ತೂಗಿ ನೋಡುತ್ತಾರೆ. ಸರಿಯಾಗಿ ಎರಡೇ ದಿನ. ಮೆಟ್ಟಿಲಿಳಿಯುವಾಗ ಮೊಣಕಾಲು ಹಿಡಿದುಕೊಂಡು ನಗುತ್ತಾರೆ.

"ನಲವತ್ತೊಂದರಲ್ಲಿ ಒಂದು ಕುಂಡಕ್ಕೆ ತೂಗೋ ಕೈ ಸಿಕ್ತು. ಮಿಕ್ಕ ಮನೆಯೋರೂ ಹೀಗೇ ಕಲಿತುಬಿಟ್ರೆ ನಂಗೆ ಕೆಲಸ ಇರಲ್ಲ ನೋಡಿ. ಆಗ್ಲಿ ಬಿಡಿ, ಮೇಷ್ಟ್ರಿಗೇ ಪಾಠ ಹೇಳಿಕೊಟ್ಟೋಳು ಅಂತ ಹೇಳ್ಕೊಂಡು ಮನೇಲಿ ಕೂತಿರ್ತೀನಿ."