ಕರೆಯದೆ ಬರುವ ಸಾಕ್ಷಿ

ಆಂಡರ್ಸನ್‌ಪೇಟೆಯಾಗಲಿ ಬಂಗಾರಪೇಟೆಯಾಗಲಿ, ನಿಕಾಹ್ ಎಂದರೆ ಹಯಾತ್ ಸಾಬರು ಕರೆಯದಿದ್ದರೂ ಹಾಜರು. ಜನರನ್ನು ತಳ್ಳಿಕೊಂಡು ಹೋಗಿ ಖಾಜಿಯ ಮಗ್ಗುಲಲ್ಲೇ ಕೂರುತ್ತಾರೆ. ಕೂತರೂ ಚಡಪಡಿಕೆ ತಪ್ಪದು. ಮದುಮಗನ ಪೇಟದ ಬಣ್ಣ, ಮಾವನ ಕೆಮ್ಮು, ಎಲ್ಲವನ್ನೂ ಬಾಯಿಪಾಠ ಮಾಡುತ್ತಾರೆ. ಒಪ್ಪಿಗೆಯ 'ಕುಬೂಲ್' ಮೆಲ್ಲಗೆ ಬಂದರೆ "ಗಟ್ಟಿಯಾಗಿ ಯೋಳಪ್ಪಾ!" ಎಂದು ರೇಗುತ್ತಾರೆ. ಬಿರಿಯಾನಿಗೆ ಬರುವ ಮುದುಕ ಎಂದು ನಗುವವರಿಗೆ, ಅವರು ಉಣ್ಣದೆಯೇ ಮುಂದಿನ ಮದುವೆಗೆ ಆಟೋ ಹತ್ತುವುದು ಕಾಣದು. ಮುಂದೆಂದೋ ಒಬ್ಬಳ ಗಂಡ ಸತ್ತ ಮೇಲೆ ಅವನ ಅಣ್ಣತಮ್ಮಂದಿರು "ನೋಂದಣಿ ಎಲ್ಲಿದೆ? ಮದ್ವೇನೇ ಆಗಿಲ್ಲ, ಮಗೀಗೆ ಪಾಲಿಲ್ಲ" ಎಂದರೆ, ಕೋರ್ಟಿಗೆ ಬಂದು ಪೇಟದ ಬಣ್ಣ ಹೇಳುವವರು ಇವರೇ. "ಎಲ್ಲರ ಮದುವೆಗೂ ಯಾಕೆ ಹೋಗ್ತೀರಿ?" ಎಂದು ಮೊನ್ನೆ ಎದುರು ವಕೀಲರು ಕೆಣಕಿದಾಗ ಮೊದಲ ಸಲ ಅಲುಗಾಡದೆ ನಿಂತರು: "ನಮ್ಮಮ್ಮನ ನಿಕಾಹ್‌ನಾಗೆ ಉಂಡೋರು ಬೋ ಜನ, ಸ್ವಾಮಿ. ನನ್ಗೋಸ್ಕರ ಕೋರ್ಟಿಗೆ ಬಂದೋರು ಒಬ್ರೂ ಇಲ್ಲ."