ಹಾಡಿನ ಬ್ಯಾಟರಿ

ಕೊಲ್ಲಿ ನಾಡಿನ ಬರ್ಕಾ ಪಟ್ಟಣದ ಪೆಟ್ರೋಲ್ ಬಂಕಿನಲ್ಲಿ ನಾವು ಮೂವರಿದ್ದೆವು: ನಾನು, ಗೆಳೆಯ ಸುಧಾಕರ, ಅವನ ತಾಯಿ ಗಿರಿಜಮ್ಮ. ಗಿರಿಜಮ್ಮನ ವಿಸಿಟ್ ವೀಸಾ ಅಂದಿಗೇ ಮುಗಿಯುವುದಿತ್ತು. ಸಂಜೆಯ ಮುಂಬಯಿ ವಿಮಾನ ತಪ್ಪಿದರೆ ಸುಧಾಕರ ತನಗೆ ವೀಸಾ ಕೊಡಿಸಿದ ಧಣಿ ಕಫೀಲನ ಮುಂದೆ ಕೈಕಟ್ಟಿ ನಿಲ್ಲಬೇಕು. ಅಂಥ ಹೊತ್ತಿನಲ್ಲಿ ನಮ್ಮ ಕಾರು ಸ್ಟಾರ್ಟೇ ಆಗಲಿಲ್ಲ.

ಪಕ್ಕದಲ್ಲಿ ಪಿಕಪ್ ಒಂದು ಬಂದು ನಿಂತಿತು. ಅದರ ಕ್ಯಾಸೆಟ್ಟಿನ ಅಬ್ಬರಕ್ಕೆ ನಮ್ಮ ಕಾರಿನ ಗಾಜೂ ನಡುಗಿತು.

"ಇದೆಂಥ ಹಾಡು ಮಗಾ? ಬೈದ ಹಾಗೆ ಕೇಳ್ತದೆ," ಎಂದರು ಗಿರಿಜಮ್ಮ.

"ರ‍್ಯಾಪ್ ಅಮ್ಮ. ಅಮೆರಿಕದ ಬಡ ಕೇರಿಯ ಹುಡುಗರು ತಮ್ಮ ಕಷ್ಟ ಹೇಳಿಕೊಳ್ಳೋದು," ಎಂದ ಸುಧಾಕರ.

"ಕಷ್ಟವನ್ನು ಇಷ್ಟು ಜೋರಾಗಿ ಹೇಳ್ತಾರಾ?"

ಪಿಕಪ್ಪಿನ ಯುವಕ ಸಾಲಿಂ ಇಳಿದು ಬಂದು, ನಮ್ಮ ವಿಮಾನದ ಅವಸರ ಕೇಳಿ, ಬಾನೆಟ್ ಎತ್ತಿದ. "ಬ್ಯಾಟರಿ ಖಲಾಸ್," ಎಂದವನೇ ತನ್ನ ಸೀಟಿನ ಹಿಂದಿನಿಂದ ಒಂದು ಬ್ಯಾಟರಿ ಬಿಚ್ಚಿ ತಂದ. ಹಾಡು ನಿಂತೇಹೋಯಿತು. ಇಂಥ ಹುಡುಗರು ಸ್ಪೀಕರುಗಳಿಗೆಂದೇ ಎರಡನೆಯ ಬ್ಯಾಟರಿ ಇಟ್ಟುಕೊಳ್ಳುತ್ತಾರೆಂದು ನನಗೆ ತಿಳಿದದ್ದು ಆಗಲೇ. ಅದನ್ನು ನಮ್ಮ ಕಾರಿಗೆ ಕೂರಿಸಿ, ಮನೆಯ ದಾರಿ ಹೇಳಿ, ಶುಕ್ರವಾರ ತಂದುಕೊಟ್ಟರೆ ಸಾಕು ಎಂದ ಹಿಂದಿಯಲ್ಲಿ. "ಯಲ್ಲಾ, ಹೊರಡಿ, ಅಮ್ಮನಿಗೆ ತಡವಾಗ್ತದೆ."

ಗಿರಿಜಮ್ಮ ಕಿಟಕಿಯಿಂದಲೇ ಕೈಮುಗಿದರು. "ಏನೇನೋ ಹೇಳಿಬಿಟ್ಟೆ ಮಗಾ, ನೀನು ಚೆನ್ನಾಗಿರು," ಎಂದರು ಕನ್ನಡದಲ್ಲೇ. ಅವನು ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ.

ವಿಮಾನ ಸಿಕ್ಕಿತು. ಶುಕ್ರವಾರ ನಾವಿಬ್ಬರೂ ಬ್ಯಾಟರಿ ಹೊತ್ತು ಸಾಲಿಮನ ಮನೆಗೆ ಹೋದೆವು. ಅವನ ತಾಯಿ ಖರ್ಜೂರ, ಕಹ್ವಾ ಕಾಫಿ ಕೊಟ್ಟು ಅರಬ್ಬಿಯಲ್ಲಿ ಏನೋ ಹೇಳಿದರು. ಸಾಲಿಂ ನಗುತ್ತಾ ನಮಗೆ ತಿಳಿಸಿದ: ಈ ವಾರ ಅವರ ಕಿವಿಗೆ ನೆಮ್ಮದಿಯಂತೆ, ಬ್ಯಾಟರಿಯನ್ನು ಇನ್ನೊಂದು ತಿಂಗಳು ನೀವೇ ಇಟ್ಟುಕೊಳ್ಳಬೇಕಂತೆ.