ನಾಯಿಗಳಿಗೆಂದು ಕೊಂಡ ಏಳು ಸೀಟಿನ ಕಾರು

ನಮ್ಮ ಮನೆಗೆ ಕಾರು ಬಂದದ್ದು ನಾಯಿಗಳಿಗಾಗಿ. ಈಗ ಈ ಮಾತನ್ನು ಮನೆಯಲ್ಲಿ ಯಾರ ಎದುರು ಹೇಳಿದರೂ ನಗುತ್ತಾರೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಣ್ಣೆದುರಿನ ಸತ್ಯವನ್ನು ರೆಪ್ಪೆ ಮಿಟುಕಿಸದೆ ನಿರಾಕರಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ಅವರಿಗಾದರೆ ಪರ-ವಿರೋಧದ ಚೀಟಿ ಎತ್ತುವಾಗ ವಿರೋಧದ ಚೀಟಿ ಬಂದಿರುತ್ತಿತ್ತು. ನಮ್ಮವರಿಗೆ ಚೀಟಿಯೂ ಬೇಕಿಲ್ಲ.

ನಮ್ಮ ಮನೆ ತುಮಕೂರಿನ ರಿಂಗ್ ರೋಡಿನ ಈಚೆ. ಮೂರು ನಾಯಿಗಳು, ಮೂರೂ ದೊಡ್ಡ ಜಾತಿಯವು, ಮೂರರಲ್ಲಿ ಒಂದೂ ನಾವಾಗಿ ತಂದದ್ದಲ್ಲ. ಕರಿ ಲ್ಯಾಬ್ರಡಾರನ್ನು ಪಕ್ಕದ ಬಾಡಿಗೆಯವರು ವರ್ಗವಾದಾಗ 'ಸ್ವಲ್ಪ ದಿನ ನೋಡ್ಕೊಳ್ಳಿ' ಎಂದು ಬಿಟ್ಟುಹೋದರು. ಅಪ್ಪನ ಸಹೋದ್ಯೋಗಿಯ ಮನೆಯಲ್ಲಿ ಮಗು ಹುಟ್ಟಿದ್ದರಿಂದ ಅಲ್ಸೇಷಿಯನ್ ಬಂತು. ದೊಡ್ಡವಳು, ಅಂದರೆ ಬೂದುಬಣ್ಣದ ಗ್ರೇಟ್ ಡೇನ್, ಗುಬ್ಬಿಯ ಮಾವನ ಕೊಡುಗೆ. ಮಾವ ಅಮ್ಮನ ಅಣ್ಣ. ಗುಬ್ಬಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಅಂಗಡಿ ಮುಂದೆ ಕಟ್ಟಿದರೆ ಗತ್ತು ಎಂದು ಮರಿ ತಂದರು. ಮರಿ ಕರುವಿನಷ್ಟಾಯಿತು, ಗಿರಾಕಿಗಳು ಮೆಟ್ಟಿಲು ಹತ್ತಲು ಹೆದರಿದರು. "ಇಷ್ಟ್ ದೊಡ್ದಾಗ್ತದೆ ಅಂತ ನಂಗ್ಯಾರು ಹೇಳಿದ್ರು?" ಎಂದು ತಂದು ನಮ್ಮ ಗೇಟಿಗೆ ಕಟ್ಟಿದರು.

ಮೂರಕ್ಕೂ ರಾಗಿ ಮುದ್ದೆ ಮುರಿದು, ಮೊಟ್ಟೆ ಕಲಸಿ ಹಾಕುವುದು ಅಪ್ಪ. ದೊಡ್ಡವಳಿಗೆ ಮಾತ್ರ ಕೈಯಿಂದ ತಿನ್ನಿಸುತ್ತಿದ್ದರು. ಅಪ್ಪನಿಗೆ ಅವಳ ಮೇಲೆ ಪ್ರೀತಿ ಇರಲಿಲ್ಲ ಎಂಬುದು ನನ್ನ ವಾದವಲ್ಲ. ಪ್ರೀತಿಯಿಂದ ಏನಾಯಿತು ಎಂಬುದಷ್ಟೇ ನನ್ನ ಪ್ರಶ್ನೆ.

ಒಂದು ಬೇಸಿಗೆಯಲ್ಲಿ ಅವಳ ಹಿಂಗಾಲುಗಳು ನಡುಗತೊಡಗಿದವು. ಕುಣಿಗಲ್‌ನ ನಾಯಿ ಡಾಕ್ಟರು ನೋಡಿ, ಸೊಂಟದ ಕೀಲು ಸವೆದಿದೆ ಎಂದರು. ಪ್ರತಿ ಭಾನುವಾರ ಕರೆತಂದರೆ ಸೂಜಿ, ಶಾಖ ಕೊಟ್ಟು ಅವಳನ್ನು ಕಾಲಮೇಲೆ ನಿಲ್ಲಿಸಿಕೊಳ್ಳಬಹುದು. ಬಿಟ್ಟರೆ ಮಳೆಗಾಲ ಮುಗಿಯುವಷ್ಟರಲ್ಲಿ ಮಲಗಿಬಿಡುತ್ತಾಳೆ. ಶುರುವಿನಲ್ಲಿ ಲಗೇಜ್ ಆಟೋದಲ್ಲಿ ಒಯ್ದೆವು. ಡಾಕ್ಟರು ಬೈದರು: "ಹಿಂಗ್ ಕುಲುಕ್ಕೊಂಡು ತಂದ್ರೆ ನಾನ್ ಮಾಡಿದ್ದೆಲ್ಲ ದಾರಿಗೇ ಸರಿಹೋಯ್ತದೆ. ತಗ್ಗಾಗಿರೋ ಗಾಡಿ ನೋಡಿ, ನೆಲ ಸಮ ಇರ್ಬೇಕು, ಕಾಲು ಜಾರ್ಬಾರ್ದು."

ಅವಳೊಬ್ಬಳನ್ನೇ ಒಯ್ಯುವ ಹಾಗೂ ಇರಲಿಲ್ಲ. ಉಳಿದೆರಡು ಮೊದಲು ಹತ್ತದೆ ಅವಳು ಹತ್ತುತ್ತಿರಲಿಲ್ಲ. ಅವೆರಡನ್ನು ಬಿಟ್ಟುಹೋದರೆ ಇಡೀ ಲೇಔಟಿಗೆ ಕೇಳುವಂತೆ ಊಳಿಡುತ್ತಿದ್ದವು. ಹೀಗೆ ವಿಷಯ ಮಂಡನೆಯಾಯಿತು: ಮೂರು ದೊಡ್ಡ ನಾಯಿಗಳು ಒಟ್ಟಿಗೆ ಹಿಡಿಸುವ ಕಾರು ಯಾವುದು? ಅಷ್ಟು ವರ್ಷ ಸ್ಕೂಟರಿನಲ್ಲೇ ಕಳೆದಿದ್ದ ಅಪ್ಪ ಕಾರು ತಗೊಳ್ಳೋಣ ಎಂದರು. ಅದೂ ಅವಳಿಗಾಗಿಯೇ.

ನಾನು ಟೇಪು ಹಿಡಿದು ಮೂರನ್ನೂ ಅಳೆದೆ. ಲ್ಯಾಬ್ರಡಾರು ಟೇಪಿನ ತುದಿ ಅಗಿದುಹಾಕಿತು. ಊರಿನ ಶೋರೂಮುಗಳಿಗೆಲ್ಲ ಹೋದೆ. ಒಂದು ಕಡೆ ಟೈ ಕಟ್ಟಿದವನು ಡಿಕ್ಕಿ ತೆಗೆದು, "ಇದ್ರಲ್ಲಿ ನಾಲ್ಕ್ ಸೂಟ್‌ಕೇಸ್ ಹಿಡಿಸ್ತವೆ ಮೇಡಂ" ಎಂದ.

"ಸೂಟ್‌ಕೇಸು ಉಸಿರಾಡುತ್ತೇನ್ರೀ?"

"ಸನ್‌ರೂಫ್ ಇದ್ಯಲ್ಲ ಮೇಡಂ. ತಲೆ ಹೊರಗೆ ಇಟ್ಕೊಳ್ತವೆ ಬಿಡಿ."

ಕೊನೆಗೆ ಸತ್ಯಮಂಗಲದ ಕೈಗಾರಿಕಾ ಪ್ರದೇಶದ ಹಳೇ ಗಾಡಿಗಳ ಯಾರ್ಡಿನಲ್ಲಿ ಒಂದು ವ್ಯಾನು ಸಿಕ್ಕಿತು. ಬಿಳಿ ಬಣ್ಣ, ಪಕ್ಕಕ್ಕೆ ಸರಿಯುವ ಬಾಗಿಲು, ನನ್ನ ಮೊಣಕಾಲಿಗಿಂತ ಕೆಳಗಿನ ನೆಲ, ಅದರ ಮೇಲೆ ಒರಟು ರಬ್ಬರು ಹಾಸು. ಮಾರನೆಯ ದಿನ ಕೊನೆಯ ಸಲ ಎಂದುಕೊಂಡು ಲಗೇಜ್ ಆಟೋ ಹಿಡಿದು ಮೂರನ್ನೂ ಅಲ್ಲಿಗೆ ಒಯ್ದೆ. ಎರಡು ಹಾರಿ ಒಳಗೆ ಹೋದವು. ದೊಡ್ಡವಳು ಮೂಸಿದಳು, ಮುಂಗಾಲಿಟ್ಟಳು, ಯಾರೂ ಮುಟ್ಟದೆ ಹಿಂಗಾಲನ್ನೂ ಎಳೆದುಕೊಂಡು ಒಳಗೆ ಮಲಗಿದಳು. ಬ್ರೋಕರ್ ನಕ್ಕ: "ಓನರಮ್ಮನೇ ಬಂದು ಕೂತ್ರಲ್ಲ ಮೇಡಂ. ಇನ್ನೇನ್ ನೋಡ್ತೀರಾ?" ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ವೇದಿಕೆಯಲ್ಲೂ ನನಗೆ ಸಿಕ್ಕಿರಲಿಲ್ಲ.

ಮನೆಯಲ್ಲಿ ಆ ಸಾಕ್ಷಿಯನ್ನು ಮಂಡಿಸಿದೆ. ಮಾವ ಗುಬ್ಬಿಯಿಂದ ಬಂದು ಸೋಫಾದಲ್ಲಿ ಕೂತಿದ್ದರು. ನಮ್ಮ ಮನೆಯ ಯಾವ ತೀರ್ಮಾನವೂ ಅವರು ಕಾಫಿ ಕುಡಿಯದೆ ಆಗುವುದಿಲ್ಲ.

"ವ್ಯಾನಾ? ಥೂ, ಅದು ಹಾಲಿನ ಡೈರಿಯವ್ರು ಇಟ್ಕೊಳ್ಳೋದು ಕಣಮ್ಮ. ನಾಳೆ ಬೀಗರು ಬಂದ್ರೆ ಅದ್ರಲ್ಲಿ ಕೂರಿಸ್ಕೊಂಡ್ ಬರ್ತೀಯಾ?"

"ಯಾವ ಬೀಗರು ಮಾವ? ನಂಗಿನ್ನೂ ಗಂಡೇ ಗೊತ್ತಾಗಿಲ್ಲ."

"ಈ ಬಾಯಿಗೆ ಗೊತ್ತಾಗೋದೂ ಇಲ್ಲ ಬುಡು, ವಕೀಲಮ್ಮ." ಅಪ್ಪನ ಕಡೆ ತಿರುಗಿದರು. "ಏಳು ಸೀಟಿಂದು ತಗೋ ಭಾವ. ಹಿಂದಿನ ಸೀಟೆಲ್ಲ ಮಡಚಿದ್ರೆ ನಾಯಿ ಏನು, ಆನೆ ಮಲಗ್ತದೆ."

ಆ ಕಾರಿನ ನೆಲ ನನ್ನ ತೊಡೆಯ ಮಟ್ಟಕ್ಕಿದೆ, ಸೊಂಟ ಸವೆದ ನಾಯಿ ಹತ್ತುವುದು ಹೇಗೆ ಎಂದು ಕೇಳಿದೆ. ಸೀಟು ಮಡಚುವುದು ಜನ ಇಲ್ಲದಾಗ. ಏಳು ಸೀಟಿನ ಕಾರಿರುವ ಮನೆಯಲ್ಲಿ ಜನ ಇಲ್ಲದಿರುವುದು ಯಾವಾಗ ಎಂದು ಕೇಳಿದೆ. ಮಾವ ಇನ್ನರ್ಧ ಲೋಟ ಕಾಫಿ ಕೇಳಿದರು. ಸ್ಪರ್ಧೆಯಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಮ್ಮ, "ಬಿಳೀದೇ ತಗೊಳ್ಳಿ ಅತ್ಲಾಗೆ, ಲಕ್ಷಣವಾಗಿರತ್ತೆ" ಎಂದರು. ಅಪ್ಪ ನನ್ನ ಕಡೆ ನೋಡಿ, "ಭಾನುವಾರ ಗಾಡಿ ನಾಯಿಗಳದ್ದು. ನಾನ್ ಮಾತ್ ಕೊಡ್ತೀನಿ ಕಣೇ, ಆಯ್ತಾ?" ಎಂದರು. ಅಪ್ಪ ಮಾತು ಕೊಟ್ಟರಲ್ಲ ಎಂದು ನಾನೂ ಒಪ್ಪಿದೆ.

ಏಳು ಸೀಟಿನದೇ ಮನೆಗೆ ಬಂತು. ಮೊದಲ ಭಾನುವಾರ ಗುಬ್ಬಿಯಲ್ಲಿ ಗಾಡಿಪೂಜೆ. ಚಕ್ರಕ್ಕೆ ನಿಂಬೆಹಣ್ಣು, ಬಾನೆಟ್ಟಿಗೆ ಹಾರ. "ಮೊದಲ್ನೇ ಸಲಾನೇ ನಾಯಿ ಹತ್ತಿಸ್ತಾರೇನೇ?" ಎಂದು ಅಮ್ಮ ಗದರಿದರು. ಆಮೇಲೆ ನಿಟ್ಟೂರಿನಲ್ಲಿ ನಾಮಕರಣ, ಸಿ.ಎಸ್. ಪುರದಲ್ಲಿ ಗೃಹಪ್ರವೇಶ. ಶುಭಕಾರ್ಯ ಮಾಡುವವರಿಗೂ ಭಾನುವಾರವೇ ರಜೆ ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ. ಏಳು ಸೀಟು ಎಂಬ ಸುದ್ದಿ ಮೂರೂ ಊರಿನ ನೆಂಟರಿಗೆ ಹಬ್ಬಿತ್ತು. ಫೋನ್ ಮಾಡಿದವರೆಲ್ಲ ಮೊದಲು ನಾಯಿಗಳ ಆರೋಗ್ಯ ವಿಚಾರಿಸಿ, ಆಮೇಲೆ ಗಾಡಿ ಕೇಳುತ್ತಿದ್ದರು. ಡ್ರೈವರ್ ಸೀಟಿನಲ್ಲಿ ಮಾವ. ನನಗೆ ಲೈಸೆನ್ಸ್ ಇದೆ ಎಂದರೆ, "ಇರ್ಲಿ ಇರ್ಲಿ, ವಾದ ಮಾಡೋಕೆ ಲೈಸೆನ್ಸ್ ಬೇಕಲ್ವಾ" ಎಂದು ನಗುತ್ತಿದ್ದರು. ದೊಡ್ಡವಳು ಗೇಟಿನ ತನಕ ಬಂದು ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಒರಗದೆ ನಿಲ್ಲಲು ಆಗಲೇ ಆಗುತ್ತಿರಲಿಲ್ಲ.

ಒಂದು ಭಾನುವಾರ ಕಾರು ಕುಣಿಗಲ್‌ಗೇ ಹೊರಟಿತು. ಮಾವನ ಕಡೆಯ ಹುಡುಗಿಯ ನಿಶ್ಚಿತಾರ್ಥ.

"ಡಾಕ್ಟರ್ ಊರಿಗೇ ತಾನೆ ಹೋಗ್ತಿರೋದು? ಮೂರನ್ನೂ ಕರ್ಕೊಂಡ್ ಹೋಗಿ ಅಲ್ಲಿ ಇಳಿಸಿ. ನಾನ್ ಜೊತೆಗೆ ಇರ್ತೀನಿ. ವಾಪಸ್ ಬರೋವಾಗ ಹತ್ತಿಸ್ಕೊಳ್ಳಿ."

"ರೇಷ್ಮೆ ಸೀರೆಗೆಲ್ಲ ನಾಯಿ ಕೂದ್ಲು ಮೆತ್ಕೊಂಡು ಹೋಗೋದಾ? ನಿಂಗೆ ಬುದ್ಧಿ ಇದ್ಯೇನೇ?" ಎಂದರು ಅಮ್ಮ.

"ಸೀಟೆಲ್ಲಿದೆ ವಕೀಲಮ್ಮ? ಒಂಬತ್ತು ಜನ ಆಗವ್ರೆ" ಎಂದರು ಮಾವ.

ಅಪ್ಪ ತಾಂಬೂಲದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದರು. ಮಾತು ಕೊಟ್ಟದ್ದನ್ನು ನೆನಪಿಸಿದೆ. "ಮುಂದಿನ ವಾರ ಖಂಡಿತ ಕಣೇ" ಎಂದು ತಟ್ಟೆಗೇ ಹೇಳಿದರು. ಸಂಜೆ ವಾಪಸು ಬಂದ ಅಪ್ಪ ಬಾಳೆಲೆಯಲ್ಲಿ ಕಟ್ಟಿಸಿಕೊಂಡು ಬಂದಿದ್ದ ಹೋಳಿಗೆ ಬಿಚ್ಚಿ ದೊಡ್ಡವಳಿಗೆ ಕೈಯಿಂದ ತಿನ್ನಿಸಿದರು. ಆಮೇಲೆ ತಾವಾಗಿಯೇ ಹೇಳಿದರು: "ಡಾಕ್ಟರ್ ಶಾಪ್ ಮುಂದೇನೇ ಹೋದ್ವಿ. ಬಾಗ್ಲು ತೆಗ್ದಿತ್ತು."

ನಾನು ಬಾಳೆಲೆ ಮಡಚಿ ಕಸಕ್ಕೆ ಹಾಕಿದೆ.

ಮುಂದಿನ ಭಾನುವಾರ ಕಾರು ಸಿಕ್ಕಿತು. ಸೀಟು ಮಡಚಿದೆವು. ಕಂಪನಿಯಿಂದ ಬಂದ ಪ್ಲಾಸ್ಟಿಕ್ ಹೊದಿಕೆ ಎಲ್ಲ ಸೀಟಿಗೂ ಹಾಗೆಯೇ ಇತ್ತು. ನಮ್ಮ ಮನೆಯಲ್ಲಿ ಟೀವಿ ರಿಮೋಟಿಗೂ ಪ್ಲಾಸ್ಟಿಕ್ ಇದೆ. ಸೀಟಿನದನ್ನು ಹರಿಯಲು ಹೋದೆ. "ಬೇಡ ಬೇಡ, ನಿಮ್ಮಾವ ಬೇಜಾರ್ ಮಾಡ್ಕೋತಾರೆ, ಮೇಲೆ ಕಂಬಳಿ ಹಾಸು" ಎಂದರು ಅಪ್ಪ. ಉಳಿದೆರಡು ಹಾರಿ ಹತ್ತಿದವು. ದೊಡ್ಡವಳನ್ನು ನಾವಿಬ್ಬರೂ ಎತ್ತಿ ಒಳಗಿಟ್ಟೆವು. ಅಪ್ಪ ಅವಳ ಪಕ್ಕ ಮಂಡಿಯೂರಿ ಕೂತರು, ನಾನು ಓಡಿಸಿದೆ. ಹೆಬ್ಬೂರು ದಾಟಿದ ಮೇಲೆ ಒಂದು ಹಂಪು ಬಂತು, ನಿಧಾನವಾಗಿಯೇ ಇಳಿಸಿದೆ. ಪ್ಲಾಸ್ಟಿಕ್ಕಿನ ಮೇಲೆ ಕಂಬಳಿ ಜಾರಿತು, ಕಂಬಳಿಯ ಜೊತೆ ಅವಳೂ. ಹಿಂಗಾಲುಗಳು ಎರಡು ಕಡೆಗೆ ಸೀಳಿಕೊಂಡವು. ಅವಳ ಬಾಯಿಂದ ಅಂಥ ಸದ್ದು ನಾನು ಕೇಳಿರಲಿಲ್ಲ.

ಡಾಕ್ಟರು ಕಾರಿನಲ್ಲಿಯೇ ಅವಳ ಸೊಂಟ ಮುಟ್ಟಿ ನೋಡಿದರು. ಪ್ಲಾಸ್ಟಿಕ್ಕನ್ನೂ ಮುಟ್ಟಿ ನೋಡಿದರು. "ಇನ್ಮೇಲೆ ಕರ್ಕೊಂಡ್ ಬರ್ಬೇಡಿ. ಮನೇಲೇ ಮಲಗಿರ್ಲಿ" ಎಂದರು. ಅಪ್ಪ ಅದನ್ನು ಒಳ್ಳೆಯ ಸುದ್ದಿಯ ಹಾಗೆ ಕೇಳಿಸಿಕೊಂಡು ತಲೆಯಾಡಿಸಿದರು.

ಈಗ ಅವಳಿಗೆ ಆ ಕಾರಿನಿಂದ ಒಂದು ಉಪಯೋಗವಿದೆ. ಬೆಳಿಗ್ಗೆ ಅಂಗಳದಲ್ಲಿ ಅದರ ನೆರಳು ಬೀಳುತ್ತದೆ, ಅಲ್ಲಿ ಮಲಗಿರುತ್ತಾಳೆ. ಹೋದ ಭಾನುವಾರವೂ ಮಾವ ಕೀ ತಿರುಗಿಸುತ್ತಾ ಬಂದರು, ಗುಬ್ಬಿಯಲ್ಲಿ ಯಾರದೋ ಸೀಮಂತ.

"ಅದನ್ನ ಸ್ವಲ್ಪ ಎಬ್ಬಿಸಮ್ಮ. ಗಾಡಿ ತೆಗೀಬೇಕು."

"ಅದು ಏಳಲ್ಲ ಮಾವ."

"ಹೆ, ಸೋಮಾರಿ ಆಗದೆ ಕಣಮ್ಮ. ನಿಮ್ಮಪ್ಪ ಹೋಳಿಗೆ ತಿನ್ಸಿ ತಿನ್ಸಿ ಕೆಡಿಸವ್ನೆ."

ಅಪ್ಪ ಗೋಣಿಚೀಲ ತಂದು ಅವಳ ಹೊಟ್ಟೆಯ ಕೆಳಗೆ ತೂರಿಸಿದರು. ಅವರು ಆ ತುದಿ, ನಾನು ಈ ತುದಿ ಹಿಡಿದು ಎಳೆದೆವು. ಕಾರಿನ ಬಾಗಿಲು ತೆರೆದ ಸದ್ದಿಗೆ ಉಳಿದೆರಡು ನಾಯಿಗಳು ಓಡಿಬಂದು, ತಮಗೇ ಇರಬೇಕೆಂದು ಬಾಲ ಆಡಿಸುತ್ತಾ ನಿಂತವು. ಮಾವ ಬಾಗಿಲು ಹಾಕಿಕೊಂಡರು. ಕಾರು ಹಿಂದಕ್ಕೆ ಸರಿದು ಗೇಟು ದಾಟಿತು, ನೆರಳೂ ಅದರ ಜೊತೆಗೇ ಹೋಯಿತು. ಅವಳ ಮೈಮೇಲೆ ಬಿಸಿಲು ಬಿತ್ತು. ಅಪ್ಪ, "ಇನ್ನೊಂಚೂರು ಎಳಿ, ಗೋಡೆ ತಂಕ" ಎಂದರು.

ಎಳೆದೆ.